ಕರೆಂಟ್ ಹೋದರೆ, ಬೀಗದ ಕೈ ಬೇಡದ ಬಾಗಿಲು ಏನಾಗುತ್ತೆ?

ಓದುಗರ ಪ್ರಶ್ನೆ: ನಮ್ಮದು ಮೊದಲ ಮಹಡಿಯಲ್ಲಿರುವ ಸಣ್ಣ ರಕ್ತ ಪರೀಕ್ಷೆ ಲ್ಯಾಬ್. ಆರು ಜನ ಇದ್ದೇವೆ. ಮುಂದಿನ ಗಾಜಿನ ಬಾಗಿಲಿಗೆ ಥಂಬ್ ಮಷಿನ್ ಹಾಕಿಸಬೇಕು ಅಂತಿದ್ದೇವೆ. ಆದರೆ ನಮ್ಮ ಏರಿಯಾದಲ್ಲಿ ಕರೆಂಟ್ ಪದೇ ಪದೇ ಹೋಗುತ್ತೆ. ಹೋದಾಗ ಬಾಗಿಲು ತಾನಾಗೇ ತೆರೆದುಕೊಂಡುಬಿಡುತ್ತಾ? ಇಲ್ಲ, ನಾವೇ ಒಳಗೆ ಸಿಕ್ಕಿಹಾಕಿಕೊಳ್ತೀವಾ?

ಉತ್ತರ: ಎರಡೂ ಆಗಬಹುದು. ಯಾವುದು ಆಗುತ್ತೆ ಅನ್ನೋದನ್ನು ನಿರ್ಧರಿಸೋದು ಗೋಡೆ ಮೇಲಿನ ಥಂಬ್ ಮಷಿನ್ ಅಲ್ಲ, ಬಾಗಿಲಿನ ಮೇಲಿರುವ ಲಾಕ್. ಇಂಥ ಲಾಕ್, ಮಷಿನ್ ಹಾಕಿಕೊಡುವ ಕೆಲಸ ಹಿಡಿದಾಗಿನಿಂದ ನಾನು ನೋಡುತ್ತಿರುವುದು ಇಷ್ಟು: ಮಷಿನ್ ಆರಿಸೋಕೆ ಜನ ವಾರಗಟ್ಟಲೆ ಯೋಚನೆ ಮಾಡುತ್ತಾರೆ. ಬೆರಳು ಸಾಕಾ, ಮುಖ ಗುರುತಿಸೋದು ಬೇಕಾ, ಮೊಬೈಲ್‌ನಲ್ಲಿ ಬಾಗಿಲು ತೆಗೆಯಬಹುದಾ ಅಂತ. ಲಾಕ್ ಯಾವುದು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನೀವು ಕೇಳಿದ್ದೀರಿ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗಾಜಿನ ಬಾಗಿಲಿಗೆ ಸಾಮಾನ್ಯವಾಗಿ ಹಾಕುವುದು ಇಎಂ ಲಾಕ್, ಅಂದರೆ ಮ್ಯಾಗ್ನೆಟ್ ಲಾಕ್. ಚೌಕಟ್ಟಿನ ಮೇಲುಗಡೆ ಒಂದು ಉದ್ದನೆಯ ವಿದ್ಯುತ್ ಮ್ಯಾಗ್ನೆಟ್ ಇರುತ್ತದೆ. ಬಾಗಿಲಿನ ಮೇಲೆ ಒಂದು ಕಬ್ಬಿಣದ ಪಟ್ಟಿ. ಕರೆಂಟ್ ಹರಿಯುವಷ್ಟು ಹೊತ್ತು ಎರಡೂ ಅಂಟಿಕೊಂಡಿರುತ್ತವೆ. ಒಂಟಿ ಬಾಗಿಲಿಗೆ ಹಾಕುವುದು 600 ಪೌಂಡಿನದು, ಅಂದರೆ ಸುಮಾರು 270 ಕಿಲೋ ಎಳೆತವನ್ನು ತಡೆಯುತ್ತದೆ. ಅಷ್ಟು ಬಲಕ್ಕೆ ಅದು ತಿನ್ನುವುದು 12 ವೋಲ್ಟ್, ಹೆಚ್ಚುಕಡಿಮೆ ಅರ್ಧ ಆಂಪಿಯರ್. ಅದರೊಳಗೆ ಚಿಲಕವೂ ಇಲ್ಲ, ಸ್ಪ್ರಿಂಗೂ ಇಲ್ಲ. ಕರೆಂಟ್ ನಿಂತ ಕ್ಷಣ ಹಿಡಿತ ಹೋಯಿತು, ತಳ್ಳಿದರೆ ಬಾಗಿಲು ತೆರೆಯಿತು. ನಮ್ಮ ಕೆಲಸದಲ್ಲಿ ಇದಕ್ಕೆ ಫೇಲ್ ಸೇಫ್ ಅನ್ನುತ್ತಾರೆ. ಸೇಫ್ ಅಂದರೆ ಸಾಮಾನಿಗಲ್ಲ, ಒಳಗಿರುವ ಮನುಷ್ಯರಿಗೆ.

ಇನ್ನೊಂದು ಜಾತಿ ಫೇಲ್ ಸೆಕ್ಯೂರ್. ಕರೆಂಟ್ ಹೋದರೂ ಬೀಗ ಬೀಗವಾಗಿಯೇ ಇರುತ್ತದೆ. ಚೌಕಟ್ಟಿನಲ್ಲಿ ಕೂತು ಬಾಗಿಲಿನ ಚಿಲಕವನ್ನು ಹಿಡಿದಿಡುವ ಎಲೆಕ್ಟ್ರಿಕ್ ಸ್ಟ್ರೈಕ್‌ಗಳು ಹೆಚ್ಚಾಗಿ ಹೀಗೇ. ಮರದ ಬಾಗಿಲಿಗೆ ಹಾಕುವ ಬ್ಯಾಟರಿಯ ಸ್ಮಾರ್ಟ್ ಲಾಕ್ ಕೂಡ ಹೀಗೇ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಪೆನ್ಸಿಲ್ ಸೆಲ್ ಇರುತ್ತವೆ. ಅವು ಪೂರ್ತಿ ಸತ್ತರೆ ಹೊರಗಿನಿಂದ ಒಂದು 9 ವೋಲ್ಟ್ ಬ್ಯಾಟರಿ ತಾಗಿಸಿಯೋ, ಯುಎಸ್‌ಬಿ ವೈರ್ ಚುಚ್ಚಿಯೋ ತಾತ್ಕಾಲಿಕವಾಗಿ ಜೀವ ಕೊಡಬಹುದು. ಹೊರಗಿನವರಿಗೆ ಬಾಗಿಲು ತೆರೆಯದಿದ್ದರೂ ಒಳಗಿನವರಿಗೆ ಭಯವಿಲ್ಲ, ಯಾಕೆಂದರೆ ಒಳಗಿನ ಹ್ಯಾಂಡಲ್ ನೇರವಾಗಿ ಚಿಲಕಕ್ಕೆ ಸೇರಿರುತ್ತದೆ. ಕೊಳ್ಳುವ ಮುಂಚೆ ಸೆಲ್ ತೆಗೆಸಿ ಹ್ಯಾಂಡಲ್ ತಿರುಗಿಸಿ ನೋಡಿ. ಅಂಗಡಿಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ನಿಮ್ಮ ಗಾಜಿನ ಬಾಗಿಲನ್ನು ಒಮ್ಮೆ ತಳ್ಳಿ, ಒಮ್ಮೆ ಎಳೆದು ನೋಡಿ. ಬಾಗಿಲಿನ ಕೆಳಗೆ ನೆಲದಲ್ಲಿ ಹುದುಗಿಸುವ ಫ್ಲೋರ್ ಸ್ಪ್ರಿಂಗ್ ಇದ್ದು ಎರಡೂ ಕಡೆ ತೆರೆಯುತ್ತಿದ್ದರೆ ಮಾಮೂಲಿ ಮ್ಯಾಗ್ನೆಟ್ ಲಾಕ್ ಸರಿಯಾಗಿ ಕೂರುವುದಿಲ್ಲ. ಆಗ ಡ್ರಾಪ್ ಬೋಲ್ಟ್ ಹಾಕುತ್ತಾರೆ. ಮೇಲಿನಿಂದ ಒಂದು ಕಬ್ಬಿಣದ ಗೂಟ ಕೆಳಗಿಳಿದು ಬಾಗಿಲಿನ ತೂತಿನಲ್ಲಿ ಕೂರುತ್ತದೆ. ಇಲ್ಲಿ ಜಾಸ್ತಿ ಎಚ್ಚರ ಬೇಕು. ಕರೆಂಟ್ ಹೋದರೆ ಗೂಟ ಮೇಲೆ ಹೋಗುವಂಥದ್ದೂ ಸಿಗುತ್ತದೆ, ಕೆಳಗೇ ಉಳಿಯುವಂಥದ್ದೂ ಸಿಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಜನ ಗಾಬರಿಯಲ್ಲಿ ಬಾಗಿಲನ್ನು ಒತ್ತಿ ಹಿಡಿದರೆ ಗೂಟ ಬಿಗಿದುಕೊಂಡು ಮೇಲೇಳದೆಯೂ ಇರಬಹುದು. ನನ್ನನ್ನು ಕೇಳಿದರೆ, ಬಾಗಿಲು ಹೊರಗೆ ಮಾತ್ರ ತೆರೆಯುವ ಹಾಗೆ ಮಾಡಿಸಿ ಮ್ಯಾಗ್ನೆಟ್ ಲಾಕ್ ಹಾಕಿಸುವುದೇ ಒಳ್ಳೆಯದು.

ಈಗ ನಿಮ್ಮ ಇನ್ನೊಂದು ಚಿಂತೆ. ಕರೆಂಟ್ ಹೋದಾಗಲೆಲ್ಲ ಬಾಗಿಲು ಬಿಟ್ಟುಕೊಂಡರೆ ಗತಿ ಏನು? ಅದಕ್ಕೇ ಬ್ಯಾಟರಿ ಇರುವುದು. ಲಾಕಿಗೆ 12 ವೋಲ್ಟ್ ಕೊಡುವ ಪವರ್ ಸಪ್ಲೈ ಡಬ್ಬಿಯೊಳಗೇ 12 ವೋಲ್ಟ್, 7 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಇಡುತ್ತಾರೆ. ಎರಡು ಕಿಲೋ ತೂಗುವ, ಇಟ್ಟಿಗೆಯಂಥ ಬ್ಯಾಟರಿ. ಲೆಕ್ಕ ಸುಲಭ. ಲಾಕಿಗೆ ಅರ್ಧ ಆಂಪಿಯರ್, ಮಷಿನ್‌ಗೆ ಕಾಲು ಆಂಪಿಯರ್ ಅಂತ ಹಿಡಿಯಿರಿ. 7ನ್ನು ಮುಕ್ಕಾಲಿನಿಂದ ಭಾಗಿಸಿದರೆ ಒಂಬತ್ತು ಗಂಟೆ ಹತ್ತಿರ ಬರುತ್ತದೆ. ಕೈಯಲ್ಲಿ ನಿಜವಾಗಿ ಸಿಗುವುದು ಆರೇಳು ಗಂಟೆ, ಅದೂ ಹೊಸ ಬ್ಯಾಟರಿಯಲ್ಲಿ. ಎರಡು ಮೂರು ವರ್ಷದಲ್ಲಿ ಅದು ಸುಸ್ತಾಗುತ್ತದೆ. ಆದರೆ ಮಷಿನ್ ಮೇಲಿನ ದೀಪ ಎಂದಿನಂತೆ ಉರಿಯುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆರು ತಿಂಗಳಿಗೊಮ್ಮೆ, ಕೆಲಸ ಕಡಿಮೆ ಇರುವ ದಿನ, ಆ ಲೈನಿನ ಎಂಸಿಬಿ ಇಳಿಸಿ ಬಾಗಿಲು ಎಷ್ಟು ಹೊತ್ತು ನಿಲ್ಲುತ್ತೆ ನೋಡಿ. ಹಾಕಿದ ತಾರೀಖನ್ನು ಮಾರ್ಕರ್‌ನಲ್ಲಿ ಬ್ಯಾಟರಿ ಮೇಲೆಯೇ ಬರೆಸಿ.

ಇದೇ ಬ್ಯಾಟರಿ ಜನರನ್ನು ಕೂಡಿಹಾಕಲೂಬಹುದು. ಇದನ್ನು ನಾನು ಕಲಿತದ್ದು ನಾನೇ ಮಾಡಿದ ಒಂದು ಕೆಲಸದಿಂದ.

ಎರಡನೇ ಮಹಡಿಯ ಒಂದು ಆಡಿಟರ್ ಆಫೀಸು. ಮ್ಯಾಗ್ನೆಟ್ ಲಾಕ್, ಥಂಬ್ ಮಷಿನ್, ಒಳಗಡೆ ಎಕ್ಸಿಟ್ ಬಟನ್ ಹಾಕಿದ್ದೆ. ಕಷ್ಟಕಾಲದಲ್ಲಿ ಒತ್ತಿ ಬಾಗಿಲು ಬಿಡಿಸುವ, ಬ್ರೇಕ್ ಗ್ಲಾಸ್ ಅನ್ನುವ ಹಸಿರು ಡಬ್ಬಿಯನ್ನೂ ಎಸ್ಟಿಮೇಟ್‌ನಲ್ಲಿ ಬರೆದಿದ್ದೆ. ಅವರು ಬೇಡ ಅಂದರು. ಒತ್ತಾಯ ಮಾಡಬೇಕಿತ್ತು, ನಾನು ಮಾಡಲಿಲ್ಲ. ಕೆಲವು ತಿಂಗಳ ನಂತರ ಒಂದು ಸಂಜೆ ಏಳೂವರೆಗೆ ಫೋನ್ ಬಂತು. ಒಳಗೆ ನಾಲ್ಕು ಜನ, ಮಷಿನ್ ಹ್ಯಾಂಗ್ ಆಗಿದೆ. ಎಕ್ಸಿಟ್ ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ. ಯಾಕೆಂದರೆ ಆ ಬಟನ್ ಬಾಗಿಲನ್ನು ತಾನೇ ತೆಗೆಯುವುದಿಲ್ಲ, ‘ಬಾಗಿಲು ತೆಗಿ’ ಅಂತ ಮಷಿನ್‌ಗೆ ಹೇಳುತ್ತದೆ ಅಷ್ಟೇ. ಮಷಿನ್‌ಗೆ ಎಚ್ಚರವಿಲ್ಲದಾಗ ಯಾರಿಗೆ ಹೇಳಿ ಏನು ಪ್ರಯೋಜನ? ಅವರು ಬುದ್ಧಿವಂತಿಕೆಯಿಂದ ಮೇನ್ ಸ್ವಿಚ್ ಆಫ್ ಮಾಡಿದರು. ಕತ್ತಲಾಯಿತು, ಬಾಗಿಲು ಮಾತ್ರ ಬಿಡಲಿಲ್ಲ. ಬ್ಯಾಟರಿ ತನ್ನ ಕೆಲಸ ತಾನು ಮಾಡುತ್ತಿತ್ತು! ಬ್ಯಾಟರಿ ಎಲ್ಲಿದೆ ಅಂತ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಫಾಲ್ಸ್ ಸೀಲಿಂಗ್ ಮೇಲಿತ್ತು, ಇಟ್ಟವನು ನಾನೇ. ಮೊಬೈಲ್ ಟಾರ್ಚ್ ಹಿಡಿದು, ಟೇಬಲ್ ಮೇಲೆ ಕುರ್ಚಿ ಇಟ್ಟು ಹತ್ತಿ, ನಾನು ಫೋನಿನಲ್ಲಿ ಹೇಳಿದ ಹಾಗೆ ಒಬ್ಬ ಹುಡುಗ ಬ್ಯಾಟರಿಯ ಕೆಂಪು ವೈರ್ ಕಿತ್ತ. ಟಕ್ ಅಂತ ಬಾಗಿಲು ಬಿಟ್ಟಿತು. ಇಪ್ಪತ್ತು ನಿಮಿಷ ಆಗಿತ್ತು. ಹೊಗೆ ಇರಲಿಲ್ಲ, ಬೆಂಕಿ ಇರಲಿಲ್ಲ, ಬರೀ ಹ್ಯಾಂಗ್ ಆದ ಮಷಿನ್. ಇದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಹಸಿರು ಡಬ್ಬಿ ಮಾಡುವ ಕೆಲಸ ಒಂದೇ. ಒತ್ತಿದರೆ ಲಾಕಿಗೆ ಹೋಗುವ ವೈರನ್ನೇ ನಡುವೆ ಕತ್ತರಿಸಿದಂತೆ ಬಿಡಿಸುತ್ತದೆ. ಮಷಿನ್‌ನ ಅಪ್ಪಣೆ ಬೇಕಿಲ್ಲ, ಬ್ಯಾಟರಿ ಇದ್ದರೂ ಲೆಕ್ಕಕ್ಕಿಲ್ಲ. ಆದರೆ ಅದನ್ನು ಲಾಕಿನ ವೈರ್‌ಗೆ ನೇರವಾಗಿ ಸೀರೀಸ್‌ನಲ್ಲಿ, ಅಂದರೆ ಲಾಕಿನ ಕರೆಂಟ್ ಅದರ ಮೂಲಕವೇ ಹಾದುಹೋಗುವ ಹಾಗೆ ಸೇರಿಸಿರಬೇಕು. ಕೆಲವರು ಅದನ್ನೂ ಎಕ್ಸಿಟ್ ಬಟನ್‌ನ ವೈರ್‌ಗೇ ಸೇರಿಸಿ ಹೋಗಿಬಿಡುತ್ತಾರೆ. ನೋಡೋಕೆ ಚೆನ್ನಾಗಿರುತ್ತೆ, ಕಷ್ಟಕಾಲಕ್ಕೆ ಕೈಕೊಡುತ್ತೆ. ಪರೀಕ್ಷೆ ಮಾಡುವುದು ಸುಲಭ: ಮಷಿನ್‌ನ ಪವರ್ ಪಿನ್ ಮಾತ್ರ ಕೀಳಿಸಿ, ಲಾಕ್ ಹಿಡಿದುಕೊಂಡೇ ಇರುವಾಗ ಹಸಿರು ಡಬ್ಬಿ ಒತ್ತಿ. ಬಾಗಿಲು ಬಿಡಬೇಕು. ಬಿಡದಿದ್ದರೆ ಬಾಕಿ ದುಡ್ಡು ಕೊಡಬೇಡಿ.

ಇದು ನನ್ನೊಬ್ಬನ ಮಾತಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವ ರಕ್ಷಣೆಯ ಬಗ್ಗೆಯೇ ಇದೆ. ಹೊರಹೋಗುವ ಬಾಗಿಲನ್ನು ಒಳಗಿರುವವರು ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು ಅನ್ನುತ್ತದೆ ಅದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬಾಲ್ಕನಿಯಲ್ಲಿದ್ದವರಿಗೆ ಹೊರಬರಲು ಸರಿಯಾದ ದಾರಿ ಇರಲಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ, 9 ಜನ ಜೀವ ಕಳೆದುಕೊಂಡರು. ಅವರಲ್ಲಿ ಕೆಲವರು ಕಿಟಕಿಯಿಂದ ಹಾರಿದವರು. ಅದು ಆಫೀಸುಗಳಿದ್ದ ಕಟ್ಟಡ, ನಮ್ಮ ನಿಮ್ಮಂಥವರು ದಿನಾ ಕೆಲಸಕ್ಕೆ ಹೋಗುವಂಥದ್ದು. ನಿಮ್ಮ ಕಟ್ಟಡದಲ್ಲಿ ಫೈರ್ ಅಲಾರ್ಮ್ ಪ್ಯಾನೆಲ್ ಇದ್ದರೆ ಅದರಿಂದ ಎರಡು ವೈರ್ ಎಳೆಸಿ, ಅಲಾರ್ಮ್ ಹೊಡೆದ ಕೂಡಲೇ ಲಾಕಿನ ಕರೆಂಟ್ ತಾನಾಗೇ ಕಟ್ ಆಗುವ ಹಾಗೆ ಮಾಡಿಸಿ.

ಹಾಗಾದರೆ ರಾತ್ರಿ ಕಳ್ಳರ ಕಥೆ? ಮ್ಯಾಗ್ನೆಟ್ ಲಾಕ್ ಹಗಲಿನ ಕಾವಲು ಅಂತ ತಿಳಿಯಿರಿ. ರಾತ್ರಿಗೆ ಶಟರ್ ಎಳೆದು ಬೀಗ ಹಾಕುವುದೇ ಸರಿ, ಆ ಒಂದು ಬೀಗದ ಕೈ ನಿಮ್ಮ ಬಳಿ ಉಳಿಯಲಿ. ಒಳಗೆ ಒಬ್ಬರಾದರೂ ಇರುವಾಗ ಮಾತ್ರ ಹೊರಗಿನಿಂದ ಶಟರ್‌ಗೆ ಬೀಗ ಹಾಕಬೇಡಿ. ರಿಪೋರ್ಟು, ಕಂಪ್ಯೂಟರ್, ದುಬಾರಿ ಕಿಟ್‌ಗಳು ಇರುವ ಒಳಕೋಣೆ ಇದ್ದರೆ ಅದಕ್ಕೆ ಫೇಲ್ ಸೆಕ್ಯೂರ್ ಲಾಕ್ ಹಾಕಿಸಿ, ಒಳಗಡೆ ಮಾಮೂಲಿ ಹ್ಯಾಂಡಲ್ ಇರಲಿ. ಸಾಮಾನಿನ ಕಾವಲು ಒಳಬಾಗಿಲಿಗೆ ಬಿಡಿ, ಜನ ಓಡಾಡುವ ಬಾಗಿಲಿಗೆ ಹೊರೆ ಹಾಕಬೇಡಿ.

ಲಾಕ್ ಕೂರಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ಒಂದು ಬಟ್ಟೆ ಅಂಗಡಿಯವರು ‘ಲಾಕ್ ವೀಕ್ ಆಗಿದೆ, ಭುಜ ಕೊಟ್ಟರೆ ತೆರೆಯುತ್ತೆ’ ಅಂತ ಕರೆದರು. ಹೋಗಿ ನೋಡಿದರೆ ಕಬ್ಬಿಣದ ಪಟ್ಟಿ ಮೇಲೆ ನೀಟಾಗಿ ಸೆಲ್ಲೋಟೇಪ್ ಅಂಟಿಸಿದ್ದರು, ಎರಡು ಪದರ. ಬಾಗಿಲು ಮುಚ್ಚುವಾಗ ಬರುವ ಸದ್ದು ಕಿರಿಕಿರಿಯಂತೆ. ಮ್ಯಾಗ್ನೆಟ್‌ಗೆ ಕಾಗದದಷ್ಟು ಸಂದು ಸಿಕ್ಕರೂ ಬಲ ಬಹಳ ಕುಸಿಯುತ್ತದೆ. ಟೇಪ್ ಕಿತ್ತು, ಅಂಟು ಒರೆಸಿದೆ, ಲಾಕ್ ಮೊದಲಿನಂತಾಯಿತು. ಮಳೆಗಾಲದಲ್ಲಿ ಪಟ್ಟಿಗೆ ತುಕ್ಕು ಹಿಡಿದರೂ ಇದೇ ಪಾಡು, ಒಣ ಬಟ್ಟೆಯಿಂದ ಒರೆಸುತ್ತಿರಿ. ಪಟ್ಟಿಯ ಹಿಂದೆ ರಬ್ಬರ್ ವಾಷರ್ ಇರುತ್ತದೆ, ಪಟ್ಟಿ ಸ್ವಲ್ಪ ಅಲ್ಲಾಡುತ್ತಿರಬೇಕು. ಲೂಸ್ ಆಗಿದೆ ಅಂತ ಸ್ಕ್ರೂ ಬಿಗಿ ಮಾಡಿಸಬೇಡಿ. ಅಲ್ಲಾಡಿದರೇ ಅದು ಮ್ಯಾಗ್ನೆಟ್ ಮೇಲೆ ಸಮವಾಗಿ ಕೂರೋದು.

ಮಷಿನ್ ಬಗ್ಗೆ ಎರಡು ಮಾತು. ಬಾಗಿಲು ತೆರೆಯುವ ರಿಲೇ, ಅಂದರೆ ಲಾಕಿನ ಕರೆಂಟ್ ಕಡಿಯುವ ಸ್ವಿಚ್, ಹೊರಗೋಡೆಯ ಮಷಿನ್‌ನೊಳಗೇ ಇದ್ದರೆ, ಯಾರಾದರೂ ಮಷಿನ್ ಕಿತ್ತು ಹಿಂದಿನ ವೈರ್‌ಗಳಲ್ಲಿ ಕೈಯಾಡಿಸಿ ಬಾಗಿಲು ತೆಗೆಯಬಹುದು. ಹೊರಗೆ ಬೆರಳು, ಕಾರ್ಡ್ ಓದುವ ಬರೀ ರೀಡರ್, ಒಳಗೆ ಲಾಕನ್ನು ನಡೆಸುವ ಕಂಟ್ರೋಲರ್ ಇರಲಿ. ಇನ್ನು, ಲ್ಯಾಬ್‌ನವರು ದಿನವಿಡೀ ಗ್ಲೌಸ್ ಹಾಕುತ್ತೀರಿ, ಸ್ಯಾನಿಟೈಸರ್ ಹಚ್ಚುತ್ತೀರಿ, ಬೆರಳು ಒಣಗಿರುತ್ತದೆ. ಥಂಬ್ ಹತ್ತು ಸಲ ಕೊಟ್ಟರೂ ಕೆಲವರದ್ದು ಓದುವುದಿಲ್ಲ, ಅದು ಅವರ ತಪ್ಪಲ್ಲ. ಅವರಿಗೆ ಕಾರ್ಡ್ ಕೊಡಿ. ಕಾರ್ಡ್ 125 ಕಿಲೋಹರ್ಟ್ಸ್‌ನದು ಬೇಡ, ಅದನ್ನು ನಕಲು ಮಾಡುವುದು ಬೀಗದ ಕೈ ಡೂಪ್ಲಿಕೇಟ್ ಮಾಡಿಸಿದಷ್ಟೇ ಸಲೀಸು. 13.56 ಮೆಗಾಹರ್ಟ್ಸ್‌ನದು ಕೇಳಿ. ಅದರಲ್ಲೂ ಹಳೆಯ ಮೈಫೇರ್ ಕ್ಲಾಸಿಕ್ ಅನ್ನುವ ಕಾರ್ಡಿನ ಗುಟ್ಟು 2008ರಲ್ಲೇ ಬಯಲಾಗಿದೆ, ಡೆಸ್‌ಫೈರ್ ಅನ್ನುವ ಕಾರ್ಡ್ ಆದರೆ ವಾಸಿ. ಕೆಲಸ ಬಿಟ್ಟವರ ಬೆರಳು, ಕಾರ್ಡ್ ಎರಡನ್ನೂ ಅವತ್ತೇ ಅಳಿಸಿ.

ಕೆಲಸ ಮುಗಿದ ದಿನ ಆರೂ ಜನರನ್ನು ಬಾಗಿಲ ಬಳಿ ಕರೆಯಿರಿ. ಕಸ ಗುಡಿಸಲು ಬರುವ ಅಮ್ಮನನ್ನೂ ಕರೆಯಿರಿ, ಬೆಳಿಗ್ಗೆ ಒಬ್ಬರೇ ಒಳಗಿರುವವರು ಅವರೇ ಅಲ್ವಾ? ಹಸಿರು ಡಬ್ಬಿಯನ್ನು ಒಬ್ಬೊಬ್ಬರ ಕೈಯಲ್ಲೂ ಒತ್ತಿಸಿ, ಬಾಗಿಲು ಬಿಡುವುದನ್ನು ಅವರೇ ನೋಡಲಿ. ಗಾಜು ಒಡೆಯುವ ಮಾದರಿ ಬೇಡ, ಒತ್ತಿದ ಮೇಲೆ ಸಣ್ಣ ಕೀಲಿಯಿಂದ ಮತ್ತೆ ಸರಿಮಾಡುವಂಥದ್ದು ಸಿಗುತ್ತದೆ, ಎಷ್ಟು ಸಲ ಬೇಕಾದರೂ ಒತ್ತಿ ಕಲಿಯಬಹುದು. ಅದರ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ: ‘ಬಾಗಿಲು ತೆರೆಯದಿದ್ದರೆ ಇದನ್ನು ಒತ್ತಿ.’ ಬ್ಯಾಟರಿ ಡಬ್ಬಿ ಎಲ್ಲಿದೆ ಅನ್ನೋದನ್ನೂ ಅದರ ಕೆಳಗೆ ಬರೆಯಿರಿ.