ಜೇನು ಹೋದರೆ ಊಟಕ್ಕೇ ಸಂಚಕಾರವೇ?

ಪ್ರಶ್ನೆ: ಜೇನುನೊಣಗಳು ಅಳಿದರೆ ನಾಲ್ಕೇ ವರ್ಷಗಳಲ್ಲಿ ಮನುಷ್ಯನೂ ಅಳಿಯುತ್ತಾನೆ ಎಂದು ಐನ್‌ಸ್ಟೈನ್ ಹೇಳಿದ್ದಾರಂತೆ. ಇದು ನಿಜವೇ? ನಾವು ಉಣ್ಣುವ ಅಕ್ಕಿ, ರಾಗಿಗೂ ಜೇನು ಬೇಕೇ?

ಉತ್ತರ: ಅಕ್ಕಿಗೆ ಬೇಡ, ರಾಗಿಗೆ ಬೇಡ. ಜೋಳ, ಗೋಧಿ, ಮೆಕ್ಕೆಜೋಳಗಳಿಗೂ ಬೇಡ. ಹುಲ್ಲಿನ ಕುಲದ ಈ ಪೈರುಗಳು ಗಾಳಿಯಿಂದಲೋ ತಮ್ಮದೇ ಹೂವಿನ ಪರಾಗದಿಂದಲೋ ಕಾಳು ಕಟ್ಟುತ್ತವೆ. ಕಬ್ಬು, ಆಲೂಗಡ್ಡೆಗಳನ್ನು ತುಂಡು ನೆಟ್ಟೇ ಬೆಳೆಯುತ್ತೇವೆ. ಆ ನಾಲ್ಕು ವರ್ಷಗಳ ಮಾತು ಐನ್‌ಸ್ಟೈನ್ ಅವರ ಬರಹಗಳಲ್ಲಾಗಲಿ ಭಾಷಣಗಳಲ್ಲಾಗಲಿ ಸಿಕ್ಕಿಲ್ಲ. 1955ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರಿಗೆ ಅಂಟಿಕೊಂಡ ಮಾತದು.

ಹಾಗಾದರೆ ಮುದ್ದೆ ಉಳಿಯುತ್ತದೆ. ಅದರ ಜೊತೆಗಿನ ಸಾರು, ಪಲ್ಯ, ಒಗ್ಗರಣೆಯ ಎಣ್ಣೆ, ಊಟದ ಮೇಲಿನ ಹಣ್ಣು? ತೊಂದರೆ ಶುರುವಾಗುವುದು ಅಲ್ಲಿಂದ. ಜಗತ್ತಿನ 115 ಮುಖ್ಯ ಆಹಾರ ಬೆಳೆಗಳನ್ನು ಪರಿಶೀಲಿಸಿದ 2007ರ ಅಧ್ಯಯನವೊಂದು, ಅವುಗಳಲ್ಲಿ 87 ಬೆಳೆಗಳು ಕೀಟ, ಹಕ್ಕಿ, ಬಾವಲಿಗಳು ಮಾಡುವ ಪರಾಗಸ್ಪರ್ಶವನ್ನು ಹೆಚ್ಚು ಕಡಿಮೆ ನೆಚ್ಚಿಕೊಂಡಿವೆ ಎಂದು ಕಂಡುಕೊಂಡಿತು. ತೂಕದ ಲೆಕ್ಕದಲ್ಲಿ ಈ 87 ಬೆಳೆಗಳ ಪಾಲು ಶೇ 35 ಮಾತ್ರ. ಜೇನು ಇಲ್ಲವಾದರೂ ಅಷ್ಟೂ ಹೋಗುವುದಿಲ್ಲ, ಹಲವು ಬೆಳೆಗಳಲ್ಲಿ ಇಳುವರಿ ಕುಗ್ಗುತ್ತದೆ. ಆದರೆ ತೂಕ ನೋಡಿ ಸಮಾಧಾನಪಡುವವರೊಂದಿಗೆ ನನಗೆ ತಕರಾರಿದೆ. ಮೂಟೆಗಟ್ಟಲೆ ಅಕ್ಕಿ ಉಂಡರೂ ಒಂದು ಸೀಬೆಹಣ್ಣಿನ ಸಿ ಜೀವಸತ್ವ ಸಿಗುವುದಿಲ್ಲ. ಹೊಟ್ಟೆ ತುಂಬಿದವನಿಗೂ ಅಪೌಷ್ಟಿಕತೆ ಬರುತ್ತದೆ.

ಕುಂಬಳ, ಸೌತೆ, ಕಲ್ಲಂಗಡಿಗಳನ್ನೇ ನೋಡಿ. ಒಂದೇ ಬಳ್ಳಿಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಪರಾಗ ಅಂಟಂಟು, ಭಾರ, ಗಾಳಿಗೆ ಹಾರುವಂಥದ್ದಲ್ಲ. ಕುಂಬಳದ ಹೂವು ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಆ ಕೆಲವೇ ಗಂಟೆಗಳಲ್ಲಿ ಜೇನು ಬಂದು ಹೋಗಬೇಕು, ಅದೂ ಹಲವು ಸಲ. ಬರಲಿಲ್ಲವೆಂದರೆ ಮಿಡಿ ಹಳದಿಗೆ ತಿರುಗಿ ಉದುರುತ್ತದೆ. ಅರೆಬರೆ ಬಂದರೆ ಕಾಯಿಯ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊಟ್ಟಗಾಗುತ್ತದೆ, ಅಂಥ ಕಾಯಿಗೆ ಮಂಡಿಯಲ್ಲಿ ಬೆಲೆಯಿಲ್ಲ. ಗೊಬ್ಬರ ಸಾಲದೆಂದೋ ರೋಗ ತಗುಲಿತೆಂದೋ ತಿಳಿದು ಮತ್ತೊಂದು ಸುತ್ತು ಔಷಧಿ ಹೊಡೆದರೆ, ಉಳಿದಿದ್ದ ನಾಲ್ಕು ನೊಣಗಳೂ ಹೋಗುತ್ತವೆ.

ಉತ್ತರ ಕರ್ನಾಟಕದ ಸೂರ್ಯಕಾಂತಿ ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಪರಾಗಸ್ಪರ್ಶ ಸಾಲದಿದ್ದರೆ ತೆನೆಯ ನಡುವೆ ಜೊಳ್ಳು ಬೀಜ ನಿಲ್ಲುತ್ತದೆ. ಅದಕ್ಕೇ ಕೃಷಿ ವಿಜ್ಞಾನಿಗಳು ಅಂಗೈಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಬೆಳಗಿನ ಹೊತ್ತು ಒಂದೊಂದೇ ಹೂವನ್ನು ಸವರಿ ಎಂದು ಸಲಹೆ ಕೊಡುತ್ತ ಬಂದಿದ್ದಾರೆ. ಜೇನು ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಇಲ್ಲಿ ಕೂಲಿ ಆಳು ಬೇಕು. ಏಲಕ್ಕಿಯದು ಇನ್ನೂ ಕಷ್ಟ: ಹೂವಿನ ಆಯುಷ್ಯ ಒಂದೇ ದಿನ, ಪರಾಗ ಪಡೆಯುವ ಹೆಣ್ಣು ಭಾಗವಾದ ಶಲಾಕಾಗ್ರ, ಪರಾಗ ಇರುವ ಗಂಡು ಭಾಗವಾದ ಪರಾಗಕೋಶಕ್ಕಿಂತ ಮೇಲಿರುವುದರಿಂದ ಪರಾಗವನ್ನು ಯಾರಾದರೂ ಎತ್ತಿ ಮುಟ್ಟಿಸಲೇಬೇಕು.

ಬದನೆ, ಟೊಮೆಟೊಗಳ ಕಥೆ ಬೇರೆ. ಅವುಗಳ ಪರಾಗ ಕೊಳವೆಯಂಥ ಕೇಸರದೊಳಗಿರುತ್ತದೆ. ಹೂವನ್ನು ಹಿಡಿದು ಮೈ ನಡುಗಿಸಿದರೆ ಚೆನ್ನಾಗಿ ಉದುರುತ್ತದೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬಾರದು. ಮರ ಕೊರೆದು ಗೂಡು ಮಾಡುವ ದುಂಬಿ, ನೀಲಿ ಪಟ್ಟೆಯ ಒಂಟಿ ಜೇನುಗಳಿಗೆ ಬರುತ್ತದೆ. ಬದುವನ್ನೂ ಒಣ ಕೊಂಬೆಯನ್ನೂ ಬಿಡದೆ ಚೊಕ್ಕಟ ಮಾಡುವವರ ಹೊಲದಲ್ಲಿ ಇವುಗಳಿಗೆ ನೆಲೆಯೆಲ್ಲಿ?

ಜೇನು ನಿಜಕ್ಕೂ ಕಡಿಮೆಯಾಗಿದೆಯೇ ಎಂದೂ ಕೆಲವರು ಕೇಳುತ್ತಾರೆ. ಪ್ರಪಂಚದಲ್ಲಿ ಸಾಕಿದ ಜೇನುಪೆಟ್ಟಿಗೆಗಳ ಸಂಖ್ಯೆ 9 ಕೋಟಿ ದಾಟಿದೆ, ಕಳೆದ ಅರ್ಧ ಶತಮಾನದಲ್ಲಿ ಅದು ಹೆಚ್ಚಿದೆ. ಆದರೆ ಅವುಗಳಲ್ಲಿ ಬಹುಪಾಲು ಯುರೋಪಿನ ಮೆಲ್ಲಿಫೆರಾ ಎಂಬ ಒಂದೇ ಜಾತಿ. ಪೆಟ್ಟಿಗೆ ಎಣಿಸಿದರೆ ಕಾಡಿನ ಜೇನು ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮದೇ ತುಡುವೆ ಜೇನಿಗೆ 1990ರ ದಶಕದ ಆರಂಭದಲ್ಲಿ ಏನಾಯಿತು ಎಂಬುದನ್ನು ಕೊಡಗಿನ ಹಿರಿಯ ಬೆಳೆಗಾರರನ್ನು ಕೇಳಬೇಕು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹಬ್ಬಿತು. ಮರಿಹುಳುಗಳು ಎರಿಯ ಕಣ್ಣಿನೊಳಗೇ ನೀರು ತುಂಬಿದ ಚೀಲಗಳಂತಾಗಿ ಸಾಯುತ್ತಿದ್ದವು. ಸಾಕಿದ ತುಡುವೆ ಕುಟುಂಬಗಳಲ್ಲಿ ಶೇ 90ರಷ್ಟು ನಾಶವಾದವು. ಜೇನಿಗೆ ಹೆಸರಾಗಿದ್ದ ಭಾಗಮಂಡಲ, ವಿರಾಜಪೇಟೆಗಳ ಸುತ್ತಿನ ತೋಟಗಳಲ್ಲಿ ಖಾಲಿ ಪೆಟ್ಟಿಗೆಗಳು ಉಳಿದವು. ಒಂದೇ ಜಾತಿಯ ಜೇನನ್ನು ನೆಚ್ಚಿಕೊಂಡರೆ ಒಂದೇ ರೋಗ ಸಾಕು ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತೆ ತಿಳಿಯಿತು.

ಊಟಕ್ಕೆ ಬೀಳುವ ಪೆಟ್ಟು ಮುಂದೆಂದೋ ಬರುವುದಲ್ಲ, ಈಗಾಗಲೇ ಬೀಳುತ್ತಿದೆ. 2022ರಲ್ಲಿ ಪ್ರಕಟವಾದ ಅಂದಾಜೊಂದರ ಪ್ರಕಾರ, ಪರಾಗಸ್ಪರ್ಶದ ಕೊರತೆಯಿಂದ ಜಗತ್ತಿನ ಹಣ್ಣು, ತರಕಾರಿ, ಗೋಡಂಬಿ-ಬಾದಾಮಿಯಂಥ ಬೀಜಗಳ ಉತ್ಪಾದನೆ ಶೇ 3ರಿಂದ 5ರಷ್ಟು ಕುಗ್ಗಿದೆ. ಅಂಥ ಆಹಾರ ಕೈಗೆಟುಕದೆ ಹೃದ್ರೋಗ, ಪಾರ್ಶ್ವವಾಯು, ಮಧುಮೇಹಗಳಿಂದ ಆಗುವ ಹೆಚ್ಚುವರಿ ಸಾವು ವರ್ಷಕ್ಕೆ ಸುಮಾರು 4.27 ಲಕ್ಷ. ಬೆಲೆ ಏರಿದಾಗ ಉಳ್ಳವರು ಕೊಳ್ಳುತ್ತಾರೆ. ಕೂಲಿ ಮಾಡುವವರ ತಟ್ಟೆಯಿಂದ ಮೊದಲು ಮರೆಯಾಗುವುದು ಹಣ್ಣು, ಆಮೇಲೆ ತರಕಾರಿ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಹೂವಿನ ಕಾಲದಲ್ಲಿ ಕೀಟನಾಶಕ ಸಿಂಪಡಿಸಬೇಡಿ. ತೀರ ಅನಿವಾರ್ಯವಾದರೆ ನೊಣಗಳು ಗೂಡಿಗೆ ಮರಳಿದ ಮೇಲೆ, ಸಂಜೆ ಸಿಂಪಡಿಸಿ. ಇಮಿಡಾಕ್ಲೋಪ್ರಿಡ್, ಥಯಾಮೆಥೊಕ್ಸಾಮ್‌ಗಳಂಥ ವಿಷಗಳು ಗಿಡದ ರಸದಲ್ಲಿ ಸೇರಿ ಮಕರಂದಕ್ಕೂ ಇಳಿಯುತ್ತವೆ. ಐರೋಪ್ಯ ಒಕ್ಕೂಟ ಇವುಗಳನ್ನು ಬಯಲು ಹೊಲಗಳಲ್ಲಿ ಬಳಸದಂತೆ 2018ರಲ್ಲಿ ನಿಷೇಧಿಸಿತು. ಬದುವಿನಲ್ಲಿ ಹೊಂಗೆ, ನೇರಳೆ, ನುಗ್ಗೆ ಇದ್ದರೆ ಬೆಳೆ ಇಲ್ಲದ ತಿಂಗಳುಗಳಲ್ಲೂ ಜೇನಿಗೆ ಮೇವು ಸಿಗುತ್ತದೆ.

ನಗರದವರಿಗೂ ಒಂದು ಮಾತು. ಹೂಮಳೆ ಬಿದ್ದು ಕಾಫಿ ತೋಟಗಳು ಬೆಳ್ಳಗಾದಾಗ ಅಲ್ಲಿ ದುಡಿಯುವವುಗಳಲ್ಲಿ ಹೆಜ್ಜೇನು ಮುಖ್ಯ. ಅದನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದಿಲ್ಲ. ಹೆಮ್ಮರ, ಬಂಡೆ, ನೀರಿನ ಟ್ಯಾಂಕು, ಅಪಾರ್ಟ್‌ಮೆಂಟಿನ ಸಜ್ಜಾಗಳೇ ಅದರ ಮನೆ. ಕೆರಳಿಸಿದರೆ ಅದು ಅಪಾಯಕಾರಿ, ಆ ಭಯ ಸುಳ್ಳಲ್ಲ. ಆದರೆ ಹೆಜ್ಜೇನು ವಲಸೆ ಹೋಗುವ ಜೀವಿ. ಹೂವಿನ ಕಾಲ ಮುಗಿದೊಡನೆ ಎರಿ ಬಿಟ್ಟು ತಾನಾಗಿಯೇ ಹೊರಡುತ್ತದೆ. ಆ ಕೆಲವು ತಿಂಗಳು ಆ ಕಡೆಯ ಕಿಟಕಿ ಮುಚ್ಚಿಡಿ, ರಾತ್ರಿ ಪ್ರಖರ ದೀಪ ಹಚ್ಚಬೇಡಿ. ಮಕ್ಕಳು ಓಡಾಡುವ ಜಾಗವಾದರೆ ಕೊಲ್ಲದೆ ಸ್ಥಳಾಂತರಿಸಬಲ್ಲವರನ್ನು ಕರೆಸಿ. ವಿಷ ಹೊಡೆಸುವ ಮುನ್ನ ಇಷ್ಟನ್ನಾದರೂ ಮಾಡಿ.