ತಿಮಿಂಗಿಲದ ಹಾಡಿನಲ್ಲಿ ಭಾಷೆಯ ನಿಯಮ ಸಿಕ್ಕಿದೆಯಂತೆ, ಹಾಗಾದ್ರೆ ಅವು ಮಾತಾಡ್ತವಾ?

ಪ್ರಶ್ನೆ: "ಮೇಡಂ, ತಿಮಿಂಗಿಲಗಳ ಹಾಡಿಗೂ ಮನುಷ್ಯರ ಭಾಷೆಗೂ ಒಂದೇ ನಿಯಮ ಅಂತ ಓದಿದೆ. ಅಂದ್ರೆ ಅವಕ್ಕೂ ಭಾಷೆ ಇದೆ ಅಂತಾಯ್ತಲ್ವಾ?"

ಪ್ರಾಣಿ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಒಮ್ಮೆ ಡಾಲ್ಫಿನ್, ಇನ್ನೊಮ್ಮೆ ಪೆಂಗ್ವಿನ್, ಈಗ ತಿಮಿಂಗಿಲ. ಉತ್ತರವೂ ಹಳೆಯದೇ: ಇಲ್ಲ, ಹಾಗಂತ ಆಗಲಿಲ್ಲ.

ಆ ನಿಯಮ ಹಾರ್ವರ್ಡ್‌ನ ಭಾಷಾವಿಜ್ಞಾನಿ ಜಾರ್ಜ್ ಜಿಫ್ ಹೆಸರಿನದು. ಯಾವುದೇ ಭಾಷೆಯ ದೊಡ್ಡ ಬರಹ ತೆಗೆದುಕೊಂಡು ಪದಗಳನ್ನು ಎಣಿಸಿ, ಹೆಚ್ಚು ಸಲ ಬಂದದ್ದರಿಂದ ಕಡಿಮೆ ಬಂದದ್ದಕ್ಕೆ ಪಟ್ಟಿ ಮಾಡಿ. ಮೊದಲ ಸ್ಥಾನದ ಪದ ಎರಡನೆಯದಕ್ಕಿಂತ ಸುಮಾರು ಎರಡು ಪಟ್ಟು, ಮೂರನೆಯದಕ್ಕಿಂತ ಮೂರು ಪಟ್ಟು ಬಂದಿರುತ್ತದೆ. ಇದರ ಜೊತೆಗೆ ಅವರದೇ ಇನ್ನೊಂದು ಮಾತು: ಜಾಸ್ತಿ ಬಳಕೆಯ ಪದ ಸಾಮಾನ್ಯವಾಗಿ ಚಿಕ್ಕದು.

ಈಗ ನಿಮ್ಮ ತಕರಾರಿಗೆ ಬರೋಣ. "ಈ ವಿನ್ಯಾಸ ಇದ್ದರೆ ಅರ್ಥವೂ ಇರಲೇಬೇಕು" ಅನ್ನೋದು ನಂಬಿಕೆ. ಇದು ಎಷ್ಟು ಸಲ ಬಡಿದರೂ ಸಾಯುವುದಿಲ್ಲ. ಒಂದು ಕೀಬೋರ್ಡ್ ಇದೆ ಅಂದುಕೊಳ್ಳಿ. ಮೂರೇ ಕೀಲಿ: ಕ, ಮ, ಮತ್ತೆ ಖಾಲಿ ಜಾಗ. ಕಣ್ಣು ಮುಚ್ಚಿ ಸುಮ್ನೆ ಒತ್ತುತ್ತಾ ಹೋಗಿ. "ಕ" ಎಂಬ ಒಂಟಿ ಪದ ಬರಬೇಕಾದರೆ ಮೊದಲ ಅಕ್ಷರ ಕ ಆಗಬೇಕು, ಅದು ಎರಡರಲ್ಲೊಂದು ಸಾಧ್ಯತೆ (ಖಾಲಿ ಜಾಗದಿಂದ ಪದ ಶುರುವಾಗುವುದಿಲ್ಲವಲ್ಲ). ಆಮೇಲೆ ಖಾಲಿ ಜಾಗ ಬೀಳಬೇಕು, ಅದು ಮೂರರಲ್ಲೊಂದು. ಹಾಗಾಗಿ ಸರಾಸರಿ 6 ಪದಗಳಲ್ಲಿ ಒಂದು "ಕ". ಇದೇ ಲೆಕ್ಕದಲ್ಲಿ "ಕಮ" 18ರಲ್ಲಿ ಒಂದು, "ಕಮಕ" 54ರಲ್ಲಿ ಒಂದು. ಅಕ್ಷರ ಒಂದು ಹೆಚ್ಚಾದಾಗೆಲ್ಲ ಪದ ಮೂರು ಪಟ್ಟು ಅಪರೂಪ. ಚಿಕ್ಕ ಪದ ಜಾಸ್ತಿ, ಉದ್ದ ಪದ ಕಡಿಮೆ, ಪಟ್ಟಿ ಮಾಡಿದರೆ ಹೆಚ್ಚುಕಡಿಮೆ ಜಿಫ್ ಹೇಳಿದ ಇಳಿಜಾರೇ. ಅರ್ಥ ಎಲ್ಲಿದೆ? ಎಲ್ಲೂ ಇಲ್ಲ. ಕೋತಿ ಟೈಪ್ ಮಾಡಿದರೂ ಹೀಗೇ ಆಗುತ್ತದೆ ಅಂತ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1957ರಲ್ಲೇ ತೋರಿಸಿದ್ದರು. ನಗರಗಳ ಜನಸಂಖ್ಯೆಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೂ ಇಂಥದೇ ಇಳಿಜಾರು ಕಾಣುತ್ತದೆ. ನಗರಗಳು ಮಾತಾಡ್ತವೆ ಅಂತ ಇದುವರೆಗೆ ಯಾರೂ ನನ್ನನ್ನು ಕೇಳಿಲ್ಲ.

ಹಾಗಂತ ತಿಮಿಂಗಿಲದ ಕೆಲಸ ಟೊಳ್ಳಲ್ಲ. 2025ರಲ್ಲಿ ಇನ್ಬಾಲ್ ಅರ್ನೋನ್, ಸೈಮನ್ ಕರ್ಬಿ, ಎಲೆನ್ ಗಾರ್ಲಂಡ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ನ್ಯೂ ಕ್ಯಾಲಿಡೋನಿಯಾದ ಸಮುದ್ರದಲ್ಲಿ 8 ವರ್ಷ ಧ್ವನಿಮುದ್ರಿಸಿದ ಹಂಪ್‌ಬ್ಯಾಕ್ ಜಾತಿಯ ತಿಮಿಂಗಿಲಗಳ ಹಾಡುಗಳು ಅವು. ಹಾಡನ್ನು ತುಂಡು ಮಾಡಿದ ರೀತಿಯೇ ಸ್ವಾರಸ್ಯ, ಅದನ್ನು ಕೂಸುಗಳಿಂದ ಕಲಿತದ್ದು. 1996ರ ಒಂದು ಪ್ರಯೋಗದಲ್ಲಿ 8 ತಿಂಗಳ ಮಕ್ಕಳಿಗೆ ಎರಡು ನಿಮಿಷ "ಬಿಡಾಕುಪಡೋಟಿಗೋಲಾಬು..." ಅಂತ ಎಡೆಬಿಡದೆ ಕೇಳಿಸಿದರು. ಬಿ ಆದಮೇಲೆ ಯಾವಾಗಲೂ ಡಾ, ಡಾ ಆದಮೇಲೆ ಕು. ಕು ಆದಮೇಲೆ ಏನು ಬರುತ್ತದೋ ಹೇಳಲಾಗದು. ಅಲ್ಲಿ ಪದ ಮುಗಿಯಿತು ಅಂತ ಮಕ್ಕಳು ಹಿಡಿದುಬಿಟ್ಟವು! ಅದೇ ಸೂತ್ರದಿಂದ ತಿಮಿಂಗಿಲದ ಹಾಡನ್ನು ಕತ್ತರಿಸಿದಾಗ ಜಿಫ್ ಇಳಿಜಾರು ಬಂತು. ಈ ಹಾಡನ್ನು ಗಂಡು ತಿಮಿಂಗಿಲಗಳು ಒಂದರಿಂದೊಂದು ಕೇಳಿ ಕಲಿಯುತ್ತವೆ. ಹೀಗೆ ಕಲಿತು ದಾಟಿಸುವ ಯಾವುದೇ ಸರಕು ಕಲಿಯಲು ಸುಲಭವಾಗುವ ಆಕಾರಕ್ಕೆ ಬರುತ್ತದೆ ಎಂಬುದು ಅವರ ವಾದ. ಹಾಡಿಗೆ ನಮ್ಮ ಮಾತಿನಂಥ ಅರ್ಥ ಇದೆ ಅಂತ ಅವರು ಹೇಳಲೇ ಇಲ್ಲ.

ಅರ್ಥ ಬೇಕಿದ್ದರೆ ಎಣಿಸಿದರೆ ಸಾಲದು, ಕೇಳಿಸಿ ನೋಡಬೇಕು. ಜಪಾನಿನ ತೋಶಿತಾಕಾ ಸುಜುಕಿ ಅದನ್ನೇ ಮಾಡಿದರು. ಅಲ್ಲಿನ ಟಿಟ್ ಹಕ್ಕಿಗೆ "ಅಪಾಯ, ನೋಡು" ಅನ್ನುವ ಒಂದು ಕೂಗು, "ಹತ್ತಿರ ಬಾ" ಅನ್ನುವ ಇನ್ನೊಂದು. ಇದೇ ಕ್ರಮದಲ್ಲಿ ಕೇಳಿಸಿದರೆ ಹಕ್ಕಿಗಳು ಅತ್ತಿತ್ತ ನೋಡುತ್ತಾ ಹತ್ತಿರ ಬಂದವು. ಹಿಂದುಮುಂದು ಮಾಡಿದರೆ ಅಷ್ಟಾಗಿ ಕಿವಿಗೊಡಲಿಲ್ಲ. ನಾಗರಹೊಳೆಯ ಸಫಾರಿ ಡ್ರೈವರ್‌ಗಳಿಗೂ ಇದು ಗೊತ್ತು. ಜಿಂಕೆ ಎಷ್ಟು ಸಲ ಕೂಗಿತು ಅಂತ ಪಟ್ಟಿ ಬರೆಯುತ್ತಾ ಕೂರುವುದಿಲ್ಲ, ಕೂಗಿನ ದಿಕ್ಕಿಗೆ ಹುಲಿ ಇದೆಯಾ ನೋಡುತ್ತಾರೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಪಟಪಟ ಮಾತಾಡುವ ಭಾಷೆಯಲ್ಲಿ ಜಾಸ್ತಿ ವಿಷಯ ದಾಟುತ್ತದಾ? 2019ರಲ್ಲಿ 17 ಭಾಷೆಗಳನ್ನು ಅಳೆದರು. ಜಪಾನಿ ಭಾಷೆಯಲ್ಲಿ ಸಿಲಬಲ್ (ಒಂದು ಸ್ವರದ ಸುತ್ತ ಒಟ್ಟಿಗೆ ಉಚ್ಚರಿಸುವ ತುಂಡು) ವಿಧಗಳು ಕಡಿಮೆ, ಒಂದೊಂದರಲ್ಲಿ ಮಾಹಿತಿಯೂ ಕಡಿಮೆ, ಅದಕ್ಕೆ ವೇಗ ಜಾಸ್ತಿ. ವಿಯೆಟ್ನಾಮಿ ನಿಧಾನ, ಆದರೆ ಒಂದೊಂದು ಸಿಲಬಲ್ಲೂ ಭಾರ. ಕೊನೆಗೆ ಎಲ್ಲವೂ ಸೆಕೆಂಡಿಗೆ ಸುಮಾರು 39 ಬಿಟ್‌ಗಳ (ಬಿಟ್ ಅಂದರೆ ಮಾಹಿತಿಯ ಅಳತೆ) ಆಸುಪಾಸಿಗೆ ಬಂದು ನಿಂತವು.

ಕನ್ನಡ ಜಪಾನಿಯ ಕಡೆಗೆ ವಾಲುತ್ತದೆ ಅಂತ ನನ್ನ ಊಹೆ. ಪದದ ಕೊನೆಗೆ ಸ್ವರ ಇಲ್ಲದಿದ್ದರೆ ನಮಗೆ ಸಮಾಧಾನವಿಲ್ಲ, ಬಸ್ ಕೂಡ ಬಸ್ಸು ಆಗಿ ಎರಡು ಸಿಲಬಲ್ ಆಗುತ್ತದೆ. ಆದರೆ ಆ 17ರಲ್ಲಿ ಕನ್ನಡ ಇಲ್ಲ, ಭಾರತದ ಒಂದು ಭಾಷೆಯೂ ಇಲ್ಲ. ಅಲ್ಲಿ ಓದಿಸಿದ್ದು ಭಾಷೆಗೆ ಸರಾಸರಿ ಹತ್ತು ಜನರ ಕೈಲಿ, ಹದಿನೈದು ಚಿಕ್ಕ ಬರಹಗಳನ್ನು. ಭಾಷಾವಿಜ್ಞಾನ ಓದುತ್ತಿರುವವರು ಯಾರಾದರೂ ಇದ್ದರೆ, ಪ್ರಾಜೆಕ್ಟಿಗೆ ವಿಷಯ ಸಿಗಲಿಲ್ಲ ಅಂತ ಮಾತ್ರ ನನ್ನ ಹತ್ತಿರ ಬರಬೇಡಿ.