ಬಾಂಡ್‌ಗೆ ಮೊದಲು ಕೆಲಸ ಕೊಡಿ, ಆಮೇಲೆ ಮುಖ

2021ರಲ್ಲಿ ಜೇಮ್ಸ್ ಬಾಂಡ್ ಸತ್ತ. ಕ್ಷಿಪಣಿ ಬಿದ್ದು, ತೆರೆಯ ಮೇಲೇ, ಅನುಮಾನಕ್ಕೆ ಎಡೆಯಿಲ್ಲದ ಹಾಗೆ. 1962ರಲ್ಲಿ ಶುರುವಾದ ಸರಣಿಯ 25ನೇ ಚಿತ್ರವದು. 2025ರ ಫೆಬ್ರವರಿಯಲ್ಲಿ ಸರಣಿಯ ಹಿಡಿತ ನಿರ್ಮಾಪಕರಾದ ಬ್ರೊಕೊಲಿ ಕುಟುಂಬದಿಂದ ಅಮೆಜಾನ್ ಕೈಗೆ ಹೋಯಿತು. ಅದೇ ಜೂನ್‌ನಲ್ಲಿ ಡೆನಿ ವಿಲ್ನೆವ್ ನಿರ್ದೇಶಕ ಎಂದು ಘೋಷಣೆಯಾಯಿತು. ಅಂದಿನಿಂದ ಮಂಗಳೂರಿನ ಹಂಪನಕಟ್ಟೆಯ ಹೋಟೆಲಿನಲ್ಲೂ ಮಣಿಪಾಲದ ಹಾಸ್ಟೆಲಿನಲ್ಲೂ ಚರ್ಚೆ ಒಂದೇ: ಮುಂದಿನ ಬಾಂಡ್ ಯಾರು? ಅದಕ್ಕೆ ಜೋಡಿಯಾಗಿ, ಸತ್ತವನನ್ನು ಬದುಕಿಸುವುದು ಹೇಗೆ?

ಎರಡನೆಯದಕ್ಕೆ ಉತ್ತರ ನಮ್ಮೂರಲ್ಲೇ ಇದೆ. ನಿನ್ನೆ ರಾತ್ರಿ ಯಕ್ಷಗಾನದ ಚಕ್ರವ್ಯೂಹದಲ್ಲಿ ಸತ್ತ ಅಭಿಮನ್ಯು ಇವತ್ತು ಇನ್ನೊಂದು ಊರಿನ ಗದ್ದೆಯಲ್ಲಿ ಮತ್ತೆ ಕುಣಿಯುತ್ತಾನೆ. ‘ನೀನು ಹೇಗೆ ಎದ್ದು ಬಂದೆ ಮಾರಾಯ’ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಹೊಸ ಚಿತ್ರದಲ್ಲಿ ಸಾವಿನ ಬಗ್ಗೆ ಒಂದು ಸಾಲು ಸಂಭಾಷಣೆಯೂ ಬೇಡ. ವಿವರಣೆ ಕೊಡಲು ಹೊರಟರೆ ಮೊದಲ 20 ನಿಮಿಷ ಅಲ್ಲೇ ಕರಗುತ್ತದೆ.

ಮೊದಲನೆಯ ಪ್ರಶ್ನೆಗೆ ಬೇಕಾದದ್ದು ಸಣ್ಣ ಲೆಕ್ಕ ಅಷ್ಟೆ. ಮೊದಲ ಐದು ಚಿತ್ರಗಳು 1962ರಿಂದ 1967ರೊಳಗೆ ಮುಗಿದಿದ್ದವು. ಡೇನಿಯಲ್ ಕ್ರೇಗ್‌ನ ಐದಕ್ಕೆ 2006ರಿಂದ 2021ರವರೆಗೆ 15 ವರ್ಷ ಹಿಡಿಯಿತು. 38ಕ್ಕೆ ಬಂದವನು 53ಕ್ಕೆ ಹೋದ. ಇದೇ ವೇಗವಾದರೆ ಈಗ ಬರುವವನಿಗೆ 35 ದಾಟಿರಬಾರದು. 1985ರಲ್ಲಿ ರೋಜರ್ ಮೂರ್‌ಗೆ 57 ಆಗಿತ್ತು. ಆ ಫೈಟುಗಳಲ್ಲಿ ಡ್ಯೂಪ್‌ನ ಬೆನ್ನು ಎಷ್ಟು ಹೊತ್ತು ಕಾಣುತ್ತದೆ ಎಂದು ನೋಡಿದರೆ ವಯಸ್ಸು ಯಾಕೆ ಮುಖ್ಯವೆಂದು ತಿಳಿಯುತ್ತದೆ. ಉಳಿದ ಬಣ್ಣ, ಎತ್ತರ, ಕೂದಲಿನ ಚರ್ಚೆಯನ್ನು ಹೋಟೆಲಿಗೇ ಬಿಡೋಣ.

ನಿಜವಾದ ಕಾಯಿಲೆ ಇರುವುದು ಚಿತ್ರಕಥೆಯಲ್ಲಿ. 2006ರ ಚಿತ್ರವನ್ನು ನೆನಪಿಸಿಕೊಳ್ಳಿ. ಉಗ್ರರ ದುಡ್ಡನ್ನು ಶೇರಿನಲ್ಲಿ ಕಳೆದ ಬ್ಯಾಂಕರ್ ಅದನ್ನು ಇಸ್ಪೀಟು ಮೇಜಿನಲ್ಲಿ ಮರಳಿ ಗೆಲ್ಲಬೇಕು. ಬಾಂಡ್ ಅವನನ್ನು ಸೋಲಿಸಬೇಕು. ಕೆಲಸ ಇಷ್ಟೇ. 1964ರದ್ದು ಇನ್ನೂ ಸಲೀಸು: ಖಳ ಅಮೆರಿಕದ ಚಿನ್ನ ಕದಿಯುವುದಿಲ್ಲ, ಅದಕ್ಕೆ ವಿಕಿರಣ ತಗಲಿಸುತ್ತಾನೆ, ಆಗ ತನ್ನಲ್ಲಿರುವ ಚಿನ್ನದ ಬೆಲೆ ಏರುತ್ತದೆ. ರಥಬೀದಿಯ ಯಾವ ಅಕ್ಕಸಾಲಿಗನಿಗೂ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ. ಈಗ 2015ರದ್ದನ್ನು ಒಂದು ವಾಕ್ಯದಲ್ಲಿ ಹೇಳಲು ನೋಡಿ. ಹಿಂದಿನ ಚಿತ್ರಗಳ ಖಳರೆಲ್ಲ ಒಬ್ಬನ ಕೈಕೆಳಗಿನವರಂತೆ, ಆ ಒಬ್ಬ ಬಾಂಡ್ ಹುಡುಗನಾಗಿದ್ದಾಗ ಜೊತೆಗೆ ಬೆಳೆದವನಂತೆ. ಒಂದೇ ಏಟಿಗೆ ಹಿಂದಿನ ಖಳರೆಲ್ಲ ಗುಮಾಸ್ತರಾದರು. ಹಿಂದಕ್ಕೆ ಹಾಕಿದ ಇಂಥ ಪ್ರತಿ ಗಂಟೂ ಮುಂದಿನ ಒಂದು ದಾರಿಯನ್ನು ಮುಚ್ಚುತ್ತದೆ. ಬಾಲ್ಯ, ಪ್ರೇಯಸಿ, ಮಗಳು ಎಲ್ಲ ಬಂದ ಮೇಲೆ ಉಳಿದದ್ದು ಸಾವೊಂದೇ. ಅಲ್ಲಿಗೆ ಮುಟ್ಟುವಾಗ ಚಿತ್ರ 163 ನಿಮಿಷ, ಸರಣಿಯಲ್ಲೇ ಅತಿ ಉದ್ದ.

ಹಾಗೆಂದು ಕತ್ತರಿ ಹಾಕಿದರೆ ಸರಿಹೋಗುತ್ತದೆ ಎಂದಲ್ಲ. 2008ರದ್ದು 106 ನಿಮಿಷ, ಅತಿ ಗಿಡ್ಡ. ಹಾಲಿವುಡ್ ಬರಹಗಾರರ ಮುಷ್ಕರದ ನಡುವೆ ಚಿತ್ರಕಥೆ ಪೂರ್ತಿಯಾಗದೆ ಶೂಟಿಂಗ್‌ಗೆ ಹೋದದ್ದು ಪ್ರತಿ ಚೇಸ್‌ನಲ್ಲೂ ಕಾಣುತ್ತದೆ: ಓಡುತ್ತಾನೆ, ಯಾಕೆಂದು ನಮಗೆ ಗೊತ್ತಿಲ್ಲ.

ಹೊಸ ಚಿತ್ರಕಥೆಗೆ ಒಂದು ಪುಟಕ್ಕೆ ಒಂದು ನಿಮಿಷದ ಲೆಕ್ಕದಲ್ಲಿ 125 ಪುಟ ಇಟ್ಟುಕೊಳ್ಳಿ. ಟೈಟಲ್‌ಗೆ ಮುಂಚಿನ ದೃಶ್ಯಕ್ಕೆ 8 ಪುಟ. ಕೆಲಸ ಏನೆಂಬುದು 20ನೇ ಪುಟದೊಳಗೆ ಗೊತ್ತಾಗಬೇಕು. ಖಳನ ಮುಖಕ್ಕೆ ಅವಸರ ಬೇಡ. ಯಕ್ಷಗಾನದಲ್ಲಿ ರಕ್ಕಸನ ಬಣ್ಣದ ವೇಷ ತೆರೆಯ ಹಿಂದೆ ಎಷ್ಟು ಹೊತ್ತು ಕುಣಿಯುತ್ತದೆ! ಕಿರೀಟದ ತುದಿ, ಆರ್ಭಟ, ಆಮೇಲಷ್ಟೇ ಮುಖ. 1962ರ ಮೊದಲ ಚಿತ್ರದಲ್ಲೂ ಖಳ ಎದುರಾಗುವುದು ಕೊನೆಯ ಭಾಗದಲ್ಲೇ. ಅಲ್ಲಿಯವರೆಗೆ ಅವನ ಹೆಸರಿಗೆ ಹೆದರುವವರನ್ನು ತೋರಿಸಿದ್ದಾರೆ. 60ನೇ ಪುಟದ ಹೊತ್ತಿಗೆ ಬಾಂಡ್‌ನ ಸೋಗು ಬಯಲಾಗಲಿ. ನಮ್ಮ ಚಿತ್ರಮಂದಿರದವರು ಹೇಗೂ ಅಲ್ಲಿ ಲೈಟ್ ಹಾಕುತ್ತಾರೆ.

ಕಥೆಯನ್ನು 1960ರ ದಶಕಕ್ಕೇ ಕೊಂಡೊಯ್ಯಬೇಕು ಎನ್ನುವವರೂ ಇದ್ದಾರೆ. ಒಪ್ಪಲಾರೆವು. ಆ ಹಳೆಯ ಚಿತ್ರಗಳು ಅಂದಿನ ಪತ್ರಿಕೆಯ ಮುಖಪುಟದಿಂದ ಹುಟ್ಟಿದವು. ಮೊದಲ ಚಿತ್ರದ ಖಳ ಕೆಡಿಸುವುದು ಅಮೆರಿಕದ ರಾಕೆಟ್ ಉಡಾವಣೆಯನ್ನು. ಅದನ್ನೇ ಈಗ ಮರುಸೃಷ್ಟಿಸಿದರೆ ಉಳಿಯುವುದು ಕೋಟು, ಟೋಪಿ, ಬಾಡಿಗೆಯ ಹಳೆ ಕಾರು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಇವತ್ತಿನ ಗೂಢಚಾರನ ಕಷ್ಟವೇ ಕೈಬಿಟ್ಟುಹೋಗುವುದು.

ಅದೆಂಥ ಕಷ್ಟ? ಬೇರೆ ಹೆಸರಿನಲ್ಲಿ ಗಡಿ ದಾಟುವುದು. ದುಬೈಗೆ ಹೋಗಿ ಬರುವ ಮಂಗಳೂರಿನವರಿಗೆ ವಿಮಾನ ನಿಲ್ದಾಣದಲ್ಲಿ ಕಣ್ಣು, ಮುಖ ತೋರಿಸುವುದು ಹೊಸದಲ್ಲ. ಒಮ್ಮೆ ಒಂದು ಹೆಸರಿಗೆ ಆ ಗುರುತು ಅಂಟಿತೆಂದರೆ ಎರಡನೇ ಪಾಸ್‌ಪೋರ್ಟ್ ಎಷ್ಟು ಚೆನ್ನಾಗಿದ್ದರೂ ಕಾಗದಕ್ಕೆ ಸಮ. 2010ರ ಜನವರಿಯಲ್ಲಿ ದುಬೈ ಹೋಟೆಲಿನಲ್ಲಿ ಹಮಾಸ್‌ನ ನಾಯಕನೊಬ್ಬನ ಕೊಲೆಯಾಯಿತು. ಕೊಲೆಯ ತಂಡದವರು ವಿಗ್ ಹಾಕಿಕೊಂಡದ್ದು, ಟೆನಿಸ್ ಉಡುಪಿನಲ್ಲಿ ಲಿಫ್ಟ್‌ನಿಂದ ಅವನ ಹಿಂದೆಯೇ ಇಳಿದದ್ದು, ಎಲ್ಲವನ್ನೂ ಪೊಲೀಸರು ಸಿಸಿಟಿವಿ ತುಣುಕುಗಳನ್ನು ಜೋಡಿಸಿ ಜಗತ್ತಿಗೇ ತೋರಿಸಿದರು. 2018ರ ಏಪ್ರಿಲ್‌ನಲ್ಲಿ ಹೇಗ್ ನಗರದಲ್ಲಿ, ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ಪಕ್ಕದಲ್ಲೇ, ರಷ್ಯಾದ ನಾಲ್ವರು ಗೂಢಚಾರರು ಸಿಕ್ಕಿಬಿದ್ದರು. ಅವರಲ್ಲೊಬ್ಬನ ಬಳಿ ಸೇನಾ ಗುಪ್ತಚರ ವಿಭಾಗದ ಕಟ್ಟಡದ ಹತ್ತಿರದಿಂದ ಮಾಸ್ಕೋ ವಿಮಾನ ನಿಲ್ದಾಣಕ್ಕೆ ಹೋದ ಟ್ಯಾಕ್ಸಿಯ ರಸೀದಿ ಇತ್ತು. ಬಿಲ್ ಪಾಸ್ ಆಗಬೇಕಲ್ಲ! ಇಂಥ ದೃಶ್ಯವನ್ನು ಬರೆದುಕೊಟ್ಟರೆ ನಿರ್ಮಾಪಕರು ‘ನಂಬುವ ಹಾಗಿಲ್ಲ’ ಎಂದು ತೆಗೆಸಿಯಾರು.

ಆದ್ದರಿಂದ ಮುಂದಿನ ಬಾಂಡ್ ತನ್ನ ಸ್ವಂತ ಹೆಸರಿನಲ್ಲಿ, ನಿಜವಾದ ವೃತ್ತಿಯೊಂದರ ಮರೆಯಲ್ಲಿ ಓಡಾಡಬೇಕು. ಆ ವೃತ್ತಿ ಯಾವುದು? ಅವನ ಹಳೆಯ ಹುದ್ದೆಯೇ ಹೇಳುತ್ತದೆ. ಬಾಂಡ್ ನೌಕಾಪಡೆಯ ಕಮಾಂಡರ್. ಅವನು ಸಮುದ್ರಕ್ಕೆ ಹೋಗಲಿ.

ಇವತ್ತಿನ ಮುಖಪುಟ ಇರುವುದೂ ಅಲ್ಲೇ. 2024ರ ಕ್ರಿಸ್ಮಸ್ ದಿನ ಫಿನ್ಲೆಂಡ್ ಮತ್ತು ಎಸ್ಟೋನಿಯಾ ನಡುವಿನ ಸಮುದ್ರದಡಿಯ ವಿದ್ಯುತ್ ಕೇಬಲ್ ಕಡಿದುಹೋಯಿತು. ಕುಕ್ ದ್ವೀಪಗಳ ಬಾವುಟ ಹೊತ್ತ ‘ಈಗಲ್ ಎಸ್’ ಎಂಬ ತೈಲ ಹಡಗು ಲಂಗರು ಎಳೆದುಕೊಂಡು ಹೋಗಿದೆ ಎಂಬ ಅನುಮಾನದಲ್ಲಿ ಫಿನ್ಲೆಂಡ್ ಅದನ್ನು ತಡೆದು ಹತ್ತಿತು. ಚಿತ್ರಕಥೆಯವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೆ? ಒಂದು ಹಳೇ ಹಡಗು, ಒಂದು ಲಂಗರು, ಕತ್ತಲಾಗುವ ದೇಶ. ಬಲೆ ಕಲ್ಲಿಗೆ ಸಿಕ್ಕಿ ಹರಿದದ್ದನ್ನು ನೋಡಿದ ಮಲ್ಪೆಯ ಮೀನುಗಾರನಿಗೆ ಯಾವ ತಾಂತ್ರಿಕ ವಿವರಣೆಯೂ ಬೇಡ.

ಪಣಂಬೂರು ಕಡಲತೀರದಲ್ಲಿ ನಿಂತರೆ ಬಂದರಿನ ಹೊರಗೆ ಕಾಯುವ ಹಡಗುಗಳು ಕಾಣುತ್ತವೆ. ಮಾಲೀಕ ಒಂದು ದೇಶದವನು, ಬಾವುಟ ಇನ್ನೊಂದರದ್ದು, ಸಿಬ್ಬಂದಿ ಮತ್ತೊಂದು ಕಡೆಯವರು. ಖಳನಿಗೆ ಇನ್ನು ಜ್ವಾಲಾಮುಖಿಯೊಳಗಿನ ಅಡಗುದಾಣ ಯಾಕೆ? ಅಂತಾರಾಷ್ಟ್ರೀಯ ಯಾನದ 300 ಗ್ರಾಸ್ ಟನ್ನಿನ ಮೇಲಿನ ಹಡಗು ತಾನು ಎಲ್ಲಿದ್ದೇನೆಂದು ಎಐಎಸ್ ಯಂತ್ರದ ಮೂಲಕ ಸಾರುತ್ತಿರಬೇಕು; ಅದನ್ನು ಆರಿಸಿದರೆ ನಕ್ಷೆಯಿಂದ ಮಾಯ. ಬಾಂಡ್ ಅಲ್ಲಿಗೆ ಸೇರುವುದೂ ಸುಲಭವಲ್ಲ. ಹಡಗಿನವರ ಸಿಡಿಸಿ ಪುಸ್ತಕದಲ್ಲಿ ಯಾವ ಹಡಗು ಯಾವತ್ತು ಹತ್ತಿದ, ಯಾವತ್ತು ಇಳಿದ ಎಂದು ದಾಖಲಾಗಿರುತ್ತದೆ. ಮುದ್ರೆ ನಕಲು ಮಾಡಬಹುದು, ಆದರೆ ಮೆಸ್‌ನಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತವನು ‘ಆ ಹಡಗಿನಲ್ಲಿ ಚೀಫ್ ಕುಕ್ ಯಾರಿದ್ದರು?’ ಎಂದು ಕೇಳಿದರೆ ಮುಗಿಯಿತು. 60ನೇ ಪುಟಕ್ಕೆ ಇಷ್ಟು ಸಾಕು, ಬಂದೂಕು ಬೇಡ.

ಅಂದಹಾಗೆ, ಅಮೆಜಾನ್‌ಗೆ ಪುರುಸೊತ್ತು ಹೆಚ್ಚಿಲ್ಲ. ಬಾಂಡ್ ಕಾದಂಬರಿಗಳನ್ನು ಬರೆದ ಇಯಾನ್ ಫ್ಲೆಮಿಂಗ್ ತೀರಿಕೊಂಡದ್ದು 1964ರಲ್ಲಿ. ಬ್ರಿಟನ್‌ನಲ್ಲಿ ಹಕ್ಕುಸ್ವಾಮ್ಯ 70 ವರ್ಷ, ಅಂದರೆ 2034ರ ಕೊನೆಯವರೆಗೆ. ಮೂರು ವರ್ಷಕ್ಕೊಂದು ಮಾಡಿದರೂ ಮೂರು ಚಿತ್ರವಾದೀತು. ಭಾರತದಲ್ಲಿ 60 ವರ್ಷ, ಹಾಗಾಗಿ ಅವನು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು 2025ರ ಜನವರಿ 1ರಿಂದ ಇಲ್ಲಿ ಮುಕ್ತ. ಹಾಗೆಂದು ಆ ಸಂಗೀತ, ಬಂದೂಕಿನ ನಳಿಗೆಯ ದೃಶ್ಯ, 007 ಲಾಂಛನ ಮುಟ್ಟಿದರೆ ವಕೀಲರ ನೋಟಿಸು ಬರುತ್ತದೆ. ಸಂಖ್ಯೆ ಬೇಕೆಂದರೆ 1968ರಲ್ಲೇ ರಾಜ್‌ಕುಮಾರ್ ಸಿಐಡಿ 999 ಆಗಿ ಬಂದಿದ್ದಾರಲ್ಲ.

ಇನ್ನು ಗ್ಯಾಜೆಟ್. ಮೊದಲೇ ತೋರಿಸಬೇಕು, ಒಂದೇ ಸಲ ಬಳಸಬೇಕು, ಕೆಲಸದ ನಡುವೆ ಅದು ಕೈಕೊಡಬೇಕು. 2002ರ ಕಾಣದ ಕಾರು ನಗೆಪಾಟಲಾದದ್ದು ಅದಕ್ಕೆ ಯಾವ ಮಿತಿಯೂ ಇಲ್ಲದ್ದರಿಂದ. ಸಮುದ್ರದ ಕಥೆಗೆ ಬಾಂಡ್‌ನ ಕೈಯಲ್ಲಿ ಗ್ಯಾಜೆಟ್ಟೇ ಇಲ್ಲದಿದ್ದರೂ ನಡೆಯುತ್ತದೆ. ಹಡಗಿಗೆ ಹೆಸರು ಬದಲಾದೀತು, ಬಾವುಟ ಬದಲಾದೀತು, ಮೈಮೇಲಿನ 7 ಅಂಕಿಯ ಐಎಂಒ (ಅಂತಾರಾಷ್ಟ್ರೀಯ ಸಾಗರ ಸಂಸ್ಥೆ) ಸಂಖ್ಯೆ ಮಾತ್ರ ಹುಟ್ಟಿನಿಂದ ಗುಜರಿಯವರೆಗೆ ಅದೇ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ ಬರುವ ಮೊತ್ತದ ಕೊನೆಯ ಅಂಕಿಯೇ ಏಳನೆಯದು. ಜಾಣ ಖಳನಾದರೆ ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಒಡೆದ ಹಡಗಿನ ಸಂಖ್ಯೆ ತಂದು ಬರೆಸುತ್ತಾನೆ, ಆಗ ಲೆಕ್ಕ ಸರಿಹೋಗುತ್ತದೆ. ಬಾಂಡ್ ಉಕ್ಕಿನ ವಯಸ್ಸು, ಹಡಗಿನ ಉದ್ದ ಅಳೆಯಬೇಕಾಗುತ್ತದೆ. ಆದರೆ ಟೈಟಲ್‌ಗೆ ಮುಂಚಿನ ಆ 8 ಪುಟಕ್ಕೆ ಅಷ್ಟೊಂದು ಜಾಣತನ ಬೇಡ. ರಾತ್ರಿ, ಮಳೆ, ಹಡಗಿನ ಹಿಂಬದಿಯಲ್ಲಿ ಹೊಸದಾಗಿ ಬಳಿದ ಬಣ್ಣ: 9123456. ಕೆಳಗಿನ ದೋಣಿಯಲ್ಲಿ ಒಬ್ಬ ಬೆರಳು ಮಡಚುತ್ತಾ ಎಣಿಸುತ್ತಾನೆ. ಮೊತ್ತ 113. ಕೊನೆಯಲ್ಲಿ 3 ಇರಬೇಕಿತ್ತು, ಇರುವುದು 6. ಅವನು ಹಗ್ಗಕ್ಕೆ ಕೈಹಾಕುತ್ತಾನೆ. ಆಗ ಬರಲಿ ಟೈಟಲ್.